ಮಕ್ಕಳ ತಲೆ ಮೇಲೆ ಕೈಯಿಟ್ಟು ದಿನಾ ಆಶೀರ್ವದಿಸೋದು ಹೇಗೆ

ಕ್ರೈಸ್ತ ಅಪ್ಪ ಅಮ್ಮಂದಿರು ಬಹುತೇಕ ಎಲ್ಲರೂ ಮಕ್ಕಳಿಗೋಸ್ಕರ ಪ್ರಾರ್ಥನೆ ಮಾಡೇ ಮಾಡ್ತಾರೆ. ಬೆಳಿಗ್ಗೆ ಎದ್ದು ಮೊಣಕಾಲೂರಿ ಮಾಡ್ತಾರೆ, ಕುಟುಂಬ ಪ್ರಾರ್ಥನೆಲಿ ಮಾಡ್ತಾರೆ, ಉಪವಾಸ ಇದ್ದು ಕೂಡ ಮಾಡ್ತಾರೆ. ಆದ್ರೆ ಆ ಮಾತೆಲ್ಲಾ ದೇವರ ಹತ್ರ ಹೋಗುತ್ತೆ, ಮಗುವಿನ ಕಿವಿಗೆ ದಿನಪೂರ್ತಿ ಏನು ಬೀಳುತ್ತೆ ಅಂತ ಒಂದ್ಸಲ ಕೇಳಿಸ್ಕೊಂಡು ನೋಡಿ. ಬೇಗ ಏಳು, ಬ್ಯಾಗ್ ಎಲ್ಲಿ, ಎಷ್ಟು ಸಲ ಹೇಳ್ಬೇಕು, ಫೋನ್ ಇಡು, ಓದ್ಕೋ, ಲೈಟ್ ಆಫ್ ಮಾಡು. ಇದ್ರಲ್ಲಿ ತಪ್ಪೇನಿಲ್ಲ, ಮನೆ ನಡೀಬೇಕಲ್ಲ. ಆದ್ರೆ ದೇವರ ಹೆಸರಲ್ಲಿ ಒಂದು ಒಳ್ಳೆ ಮಾತನ್ನ ಮಗುವಿನ ಮುಖ ನೋಡಿ ಹೇಳೋದು ಅಂತ ಒಂದಿದೆ, ಅದು ಎಷ್ಟೋ ಮನೆಗಳಲ್ಲಿ ಹುಟ್ಟುಹಬ್ಬಕ್ಕೆ, ಎಕ್ಸಾಮ್‌ಗೆ, ಮದುವೆಗೆ ಮಾತ್ರ ಅಂತ ಆಗ್ಬಿಟ್ಟಿದೆ. ಅದನ್ನ ದಿನದ ಮಾತಾಗಿ ಮಾಡ್ಕೊಳ್ಳೋದು ಹೇಗೆ ಅನ್ನೋದೇ ಈ ಲೇಖನ.

ಮೊದಲು, ಆಶೀರ್ವಾದ ಅಂದ್ರೆ ಏನಲ್ಲ ಅಂತ ತಿಳ್ಕೊಳ್ಳಿ

ಪ್ರಾರ್ಥನೆಲಿ ನಾವು ಮಗುವಿನ ಬಗ್ಗೆ ದೇವರ ಹತ್ರ ಮಾತಾಡ್ತೀವಿ. ಆಶೀರ್ವಾದದಲ್ಲಿ ದೇವರ ಹೆಸರಲ್ಲಿ ಮಗುವಿನ ಹತ್ರ ಮಾತಾಡ್ತೀವಿ. "ಕರ್ತನೇ, ನನ್ನ ಮಗಳನ್ನ ಕಾಪಾಡು" ಅನ್ನೋದು ಪ್ರಾರ್ಥನೆ, "ಕರ್ತನು ನಿನ್ನನ್ನ ಕಾಪಾಡ್ಲಿ ಮಗಳೇ" ಅನ್ನೋದು ಆಶೀರ್ವಾದ. ಎರಡೂ ಬೇಕು, ಒಂದಿದೆ ಅಂತ ಇನ್ನೊಂದನ್ನ ಬಿಡೋಕಾಗಲ್ಲ.

ಹಾಗೇ ಹೊಗಳಿಕೆನೂ ಬೇರೆ. ಹೊಗಳಿಕೆ ಮಗು ಏನೋ ಮಾಡಿದ್ಮೇಲೆ ಬರುತ್ತೆ, ಒಳ್ಳೆ ಮಾರ್ಕ್ಸ್ ಬಂತು ಶಭಾಷ್, ಚೆನ್ನಾಗಿ ಹಾಡಿದೆ ಶಭಾಷ್. ಆಶೀರ್ವಾದ ಏನೂ ಮಾಡೋದಕ್ಕೆ ಮುಂಚೆನೇ ಬರುತ್ತೆ. ಯೇಸುಸ್ವಾಮಿ ದೀಕ್ಷಾಸ್ನಾನ ತಗೊಂಡು ನೀರಿಂದ ಮೇಲೆ ಬಂದಾಗ ಪರಲೋಕದಿಂದ ಬಂದ ಮಾತು ನೆನಪಿಸ್ಕೊಳ್ಳಿ (ಮಾರ್ಕ 1:11), ನೀನು ನನ್ನ ಪ್ರಿಯ ಮಗನು, ನಿನ್ನನ್ನ ನಾನು ಮೆಚ್ಚಿದ್ದೇನೆ ಅಂತ. ಅಲ್ಲೀವರೆಗೆ ಮಾರ್ಕನ ಸುವಾರ್ತೆಲಿ ಯೇಸು ಒಬ್ಬ ರೋಗಿನೂ ವಾಸಿ ಮಾಡಿಲ್ಲ, ಒಂದು ಪ್ರಸಂಗನೂ ಮಾಡಿಲ್ಲ, ಒಬ್ಬ ಶಿಷ್ಯನನ್ನೂ ಕರೆದಿಲ್ಲ. ಮೆಚ್ಚುಗೆ ಮೊದಲು ಬಂತು, ಕೆಲಸ ಆಮೇಲೆ ಶುರುವಾಯ್ತು. ಮನೆಲಿ ನಾವು ಮಾಡೋದು ಹೆಚ್ಚಾಗಿ ಇದರ ಉಲ್ಟಾ, ಮೊದಲು ಸಾಧಿಸಿ ತೋರ್ಸು ಆಮೇಲೆ ಮೆಚ್ಕೋತೀನಿ ಅನ್ನೋ ಥರ ಇರ್ತೀವಿ. ಈ ಒಂದು ವಿಷಯ ತಲೇಲಿ ಕೂತ್ರೆ ಉಳಿದ ಹೆಜ್ಜೆಗಳೆಲ್ಲಾ ಸುಲಭ.

ಇನ್ನೊಂದು ಅನುಮಾನ ತುಂಬಾ ಜನಕ್ಕಿರುತ್ತೆ. ಆಶೀರ್ವಾದ ಮಾಡೋಕೆ ನಾವ್ಯಾರು, ಅದು ಪಾಸ್ಟರ್ ಕೆಲಸ, ಫಾದರ್ ಕೆಲಸ ಅಂತ. ಇಸಾಕ, ಯಾಕೋಬ ಮಕ್ಕಳನ್ನ ಆಶೀರ್ವದಿಸಿದಾಗ ಮೊದಲ ಮಹಾಯಾಜಕ ಆರೋನನೇ ಇನ್ನೂ ಹುಟ್ಟಿರ್ಲಿಲ್ಲ, ಯಾಜಕರು ಅನ್ನೋ ವ್ಯವಸ್ಥೆನೇ ಇಸ್ರಾಯೇಲರಲ್ಲಿ ಇರ್ಲಿಲ್ಲ. ದಾವೀದ ರಾಜ ದೇವರ ಮಂಜೂಷ (ಪವಿತ್ರ ಪೆಟ್ಟಿಗೆ) ತಂದು ಜನರನ್ನೆಲ್ಲಾ ಆಶೀರ್ವದಿಸಿದ ಮೇಲೆ ತನ್ನ ಮನೆಯವರನ್ನ ಆಶೀರ್ವದಿಸೋಕೆ ಅಂತ ಮನೆಗೆ ಹಿಂತಿರುಗಿದ (2 ಸಮುವೇಲ 6:20). ಕ್ಯಾಥೊಲಿಕ್ ಸಭೆಯ ಧರ್ಮೋಪದೇಶ ಗ್ರಂಥದಲ್ಲೂ (1669ನೇ ಪರಿಚ್ಛೇದ) ಸ್ನಾನದೀಕ್ಷೆ ಪಡೆದ ಪ್ರತಿಯೊಬ್ರೂ ಆಶೀರ್ವದಿಸೋಕೆ ಕರೆಯಲ್ಪಟ್ಟವರು ಅಂತಿದೆ. ಹಾಗಾಗಿ ಅನುಮಾನ ಬಿಡಿ, ನಿಮ್ಮ ಮಗುವಿಗೆ ಈ ಮಾತು ಮೊದಲು ನಿಮ್ಮ ಬಾಯಿಂದ್ಲೇ ಬರ್ಬೇಕು.

ಹೆಜ್ಜೆ 1: ಈಗ ಆಡ್ತಿರೋ ಮಾತನ್ನ ಸ್ವಲ್ಪ ಗಮನಿಸಿ

ಒಂದು ವಾರ ಸುಮ್ನೆ ಗಮನಿಸಿ, ಬದಲಾಯಿಸೋಕೆ ಹೋಗ್ಬೇಡಿ. ಕೋಪ ಬಂದಾಗ ನಿಮ್ಮ ಬಾಯಿಗೆ ತಾನಾಗೇ ಬರೋ ಮಾತು ಯಾವುದು? ದಂಡಪಿಂಡ, ದರಿದ್ರ, ಉದ್ಧಾರ ಆಗಲ್ಲ ನೀನು, ನಿಮ್ಮಪ್ಪನ ಥರನೇ, ನಿನ್ನ ಹಣೆಬರಹ. ಎಷ್ಟೋ ಸಲ ಅದು ನಮ್ಮ ಮಾತೂ ಅಲ್ಲ, ನಾವು ಚಿಕ್ಕವರಿದ್ದಾಗ ಕೇಳಿಸ್ಕೊಂಡಿದ್ದು ಹಾಗೇ ವಾಪಸ್ ಬರ್ತಿರುತ್ತೆ. ಹೊಸ ಒಡಂಬಡಿಕೆಯ ಯಾಕೋಬ (ಇಸಾಕನ ಮಗ ಅಲ್ಲ, ಬೇರೆಯವನು) ತನ್ನ ಪತ್ರಿಕೆಲಿ ಇದನ್ನೇ ಹೇಳೋದು (3:9-10), ಒಂದೇ ಬಾಯಿಂದ ದೇವರನ್ನ ಕೊಂಡಾಡ್ತೀವಿ, ಅದೇ ಬಾಯಿಂದ ದೇವರ ಹೋಲಿಕೆಲಿ ಉಂಟಾದ ಮನುಷ್ಯರನ್ನ ಶಪಿಸ್ತೀವಿ, ಹೀಗಾಗಬಾರದು ಅಂತ. ಸಂಡೇ ಸಭೆಲಿ ಸ್ತೋತ್ರ ಹೇಳಿ ಮನೆಗೆ ಬಂದು ಅರ್ಧ ಗಂಟೇಲಿ ಮಗನಿಗೆ ಉದ್ಧಾರ ಆಗಲ್ಲ ಅಂದ್ರೆ ಮಗ ಎರಡೂ ಕೇಳಿಸ್ಕೊಂಡಿರ್ತಾನೆ.

ಗದರಬಾರದು ಅಂತ ಹೇಳ್ತಿಲ್ಲ. ತಪ್ಪು ಮಾಡಿದಾಗ ತಿದ್ದಲೇಬೇಕು, ಎಫೆಸ 6:4ರಲ್ಲಿ ಮಕ್ಕಳಿಗೆ ಕೋಪ ಎಬ್ಬಿಸಬೇಡಿ ಅನ್ನೋ ಮಾತಿನ ಬೆನ್ನಿಗೇ ಶಿಸ್ತಲ್ಲಿ ಬೆಳೆಸಿ ಅಂತನೂ ಇದೆ. ಆದ್ರೆ "ನೀನು ಸುಳ್ಳು ಹೇಳಿದೆ" ಅನ್ನೋದಕ್ಕೂ "ನೀನು ಸುಳ್ಳುಗಾರ" ಅನ್ನೋದಕ್ಕೂ ತುಂಬಾ ದೂರ ಇದೆ. ಮೊದಲನೇದು ಮಾಡಿದ ಕೆಲಸದ ಬಗ್ಗೆ, ಎರಡನೇದು ಮಗು ಯಾರು ಅನ್ನೋದರ ಬಗ್ಗೆ. ಎರಡನೇ ಥರದ ಮಾತು ಯಾವಾಗ ಬರುತ್ತೆ, ಸುಸ್ತಾದಾಗ್ಲಾ, ಲೇಟಾದಾಗ್ಲಾ, ಬೇರೆಯವರ ಮುಂದೆ ಮುಜುಗರ ಆದಾಗ್ಲಾ ಅಂತ ನೋಡ್ಕೊಳ್ಳಿ. ಆ ಹೊತ್ತು ಗೊತ್ತಾದ್ರೆ ಸಾಕು, ಮುಂದೆ ಉಪಯೋಗಕ್ಕೆ ಬರುತ್ತೆ.

ಹೆಜ್ಜೆ 2: ಒಂದೇ ಒಂದು ಹೊತ್ತು ಆರಿಸ್ಕೊಳ್ಳಿ

ಇಲ್ಲಿ ತುಂಬಾ ಜನ ಎಡವೋದು ಎಲ್ಲಿ ಅಂದ್ರೆ, ಯಾವುದೋ ಒಳ್ಳೆ ಪ್ರಸಂಗ ಕೇಳಿ ಬಂದು ನಾಳೆಯಿಂದ ಬೆಳಿಗ್ಗೆ ಮಧ್ಯಾಹ್ನ ಸಂಜೆ ರಾತ್ರಿ ಅಂತ ಟೈಮ್‌ಟೇಬಲ್ ಹಾಕ್ಕೊಳ್ಳೋದು, ಗುರುವಾರದ ಹೊತ್ತಿಗೆ ಎಲ್ಲಾ ನಿಂತುಹೋಗೋದು. ಧರ್ಮೋಪದೇಶಕಾಂಡ 6:7ರಲ್ಲಿ ನಾಲ್ಕು ಹೊತ್ತು ಹೇಳಿದ್ದಾರೆ, ಮನೆಲಿ ಕೂತಿರುವಾಗ, ದಾರಿ ನಡೆಯುವಾಗ, ಮಲಗುವಾಗ, ಏಳುವಾಗ. ಗಮನಿಸಿ, ಇದ್ರಲ್ಲಿ ಒಂದೂ ಹೊಸದಾಗಿ ಟೈಮ್ ಮಾಡ್ಕೋಬೇಕಾದ್ದಲ್ಲ. ಹೇಗಿದ್ರೂ ಮಲಗ್ತೀವಿ, ಹೇಗಿದ್ರೂ ಏಳ್ತೀವಿ. ಆ ನಾಲ್ಕರಲ್ಲಿ ನಿಮ್ಮ ಮನೆಗೆ ಹೊಂದೋದು ಒಂದನ್ನ ಹಿಡ್ಕೊಳ್ಳಿ, ಉಳಿದಿದ್ದು ತಾನಾಗೇ ಬರುತ್ತೆ.

ಚಿಕ್ಕ ಮಕ್ಕಳಿದ್ರೆ ನನ್ನ ಪ್ರಕಾರ ಮಲಗೋ ಹೊತ್ತು ಬೆಸ್ಟ್. ಆ ಟೈಮಲ್ಲಿ ಯಾರೂ ಓಡ್ತಿರಲ್ಲ, ಮಗುನೂ ಮೆತ್ತಗಾಗಿರುತ್ತೆ, ಹಗಲೆಲ್ಲಾ ಹೇಳದೇ ಇದ್ದ ಭಯ ಎಲ್ಲಾ ಆಗ್ಲೇ ಹೊರಗೆ ಬರೋದು. ಅದಕ್ಕೆ ಕೀರ್ತನೆ 4:8 ಹೇಳಿ ಮಾಡಿಸಿದ ಹಾಗಿದೆ, ಸಮಾಧಾನದಿಂದ ಮಲಗಿ ನಿದ್ದೆ ಮಾಡ್ತೀನಿ, ಯಾಕಂದ್ರೆ ನನ್ನನ್ನ ಸುರಕ್ಷಿತವಾಗಿ ಇಡೋನು ಕರ್ತನೇ ಅನ್ನೋ ಅರ್ಥದ ವಚನ. ಅದನ್ನೇ ಮಗುವಿನ ಕಡೆ ತಿರುಗಿಸಿ "ಸಮಾಧಾನವಾಗಿ ಮಲ್ಕೋ ಪುಟ್ಟಾ, ಕರ್ತನು ನಿನ್ನನ್ನ ಸುರಕ್ಷಿತವಾಗಿ ನೋಡ್ಕೊಳ್ಲಿ" ಅಂದ್ರೆ ಮುಗೀತು.

ಬೆಳಿಗ್ಗೆ ಹೊರಡೋ ಹೊತ್ತು ಬೇಕು ಅನ್ನೋರಿಗೆ ಬಾಗಿಲು ಇದೆ. ಕೀರ್ತನೆ 121:8ರಲ್ಲಿ ಹೋಗೋವಾಗ್ಲೂ ಬರೋವಾಗ್ಲೂ ಕಾಪಾಡೋನು ಕರ್ತನು ಅಂತಿದೆಯಲ್ಲ, ಹಾಗಾಗಿ ಈ ಮಾತನ್ನ ಬಾಗಿಲ ಹತ್ರ ಹೇಳೋದೇ ಚೆಂದ. ನಡೆಯೋದು ಹೇಗಿರುತ್ತೆ ಅಂದ್ರೆ, ವ್ಯಾನ್ ಹಾರ್ನ್ ಹೊಡೀತಿರುತ್ತೆ, ಎಂಟು ವರ್ಷದ ಹುಡುಗ ಒಂದು ಶೂ ಹಾಕ್ಕೊಂಡು ಇನ್ನೊಂದರ ಲೇಸ್ ಹಿಡ್ಕೊಂಡು ಕೂತಿರ್ತಾನೆ, ಅಮ್ಮ ಬಗ್ಗಿ ಲೇಸ್ ಕಟ್ತಾ ಇರ್ತಾಳೆ. ಆಗ ಅವನ ಮುಖ ಅಮ್ಮನ ಮುಖಕ್ಕೆ ಒಂದು ಗೇಣು ದೂರದಲ್ಲಿರುತ್ತೆ. ಗಂಟು ಹಾಕಿದ ಕೈನ ಹಾಗೇ ಎತ್ತಿ ಅವನ ತಲೆ ಮೇಲಿಟ್ಟು "ಹೋಗೋವಾಗ್ಲೂ ಬರೋವಾಗ್ಲೂ ಕರ್ತನು ನಿನ್ನ ಕಾಯ್ಲಿ ಕಣೋ" ಅನ್ನೋಕೆ ಎಷ್ಟು ಹೊತ್ತು ಬೇಕು? ಹಾರ್ನ್ ಇನ್ನೊಂದು ಸಲ ಹೊಡೆಯೋದ್ರೊಳಗೆ ಆಯ್ತು. ಲೇಟಾಯ್ತು ಅಂತ ಇದನ್ನ ಬಿಡೋ ಅವಶ್ಯಕತೆನೇ ಇಲ್ಲ.

ಹೆಜ್ಜೆ 3: ಮಾತು ಎಲ್ಲಿಂದ ತರೋದು

ನಂಗೆ ಹಾಗೆಲ್ಲಾ ಮಾತಾಡೋಕೆ ಬರಲ್ಲ ಅನ್ನೋರಿಗೆ ಒಂದು ಸಮಾಧಾನದ ವಿಷಯ, ಆಶೀರ್ವಾದದ ಮಾತನ್ನ ದೇವರೇ ಹೇಳಿಕೊಟ್ಟಿದ್ದಾರೆ. ಅರಣ್ಯಕಾಂಡ 6:24ರಿಂದ 26. ಜನರನ್ನ ಹೀಗೆ ಆಶೀರ್ವದಿಸ್ಬೇಕು ಅಂತ ಆರೋನನಿಗೂ ಅವನ ಮಕ್ಕಳಿಗೂ ಹೇಳು ಅಂತ ಮೋಶೆಗೆ ಕೊಟ್ಟ ಮಾತು ಅದು. ಮೂರೇ ವಚನ. ಅದನ್ನ ಮನೆ ಮಾತಿಗೆ ತಂದ್ರೆ ಹೆಚ್ಚು ಕಡಿಮೆ ಹೀಗಿರುತ್ತೆ:

"ಕರ್ತನು ನಿನ್ನನ್ನ ಆಶೀರ್ವದಿಸಿ ಕಾಪಾಡ್ಲಿ. ಕರ್ತನು ಪ್ರಸನ್ನ ಮುಖದಿಂದ ನಿನ್ನನ್ನ ನೋಡ್ಲಿ, ನಿನಗೆ ದಯೆ ತೋರ್ಸಲಿ. ಕರ್ತನು ನಿನ್ನ ಕಡೆಗೆ ಮುಖ ಮಾಡಿ ನಿನಗೆ ಶಾಂತಿ ಕೊಡ್ಲಿ."

1979ರಲ್ಲಿ ಯೆರೂಸಲೇಮಿನ ಹತ್ರ ಕೆಟೆಫ್ ಹಿನ್ನೋಮ್ ಅನ್ನೋ ಜಾಗದ ಸಮಾಧಿ ಗುಹೆಲಿ ಗೇಬ್ರಿಯಲ್ ಬಾರ್ಕೈ ಅನ್ನೋ ಪುರಾತತ್ವ ತಜ್ಞರ ತಂಡಕ್ಕೆ ಎರಡು ಪುಟ್ಟ ಬೆಳ್ಳಿ ಸುರುಳಿ ಸಿಕ್ಕಿದ್ವು, ಬಿಡಿಸಿ ನೋಡಿದ್ರೆ ಅದ್ರಲ್ಲಿ ಇದೇ ಆಶೀರ್ವಾದದ ಮಾತು ಕೆತ್ತಿತ್ತು. ಸುಮಾರು 2600 ವರ್ಷ ಹಳೇದು, ಮೃತ ಸಮುದ್ರದ ಸುರುಳಿಗಳಿಗಿಂತ್ಲೂ ನಾನೂರು ವರ್ಷದಷ್ಟು ಹಿಂದಿನದು, ಸತ್ಯವೇದದ ವಾಕ್ಯ ಇರೋ ಬರಹಗಳಲ್ಲಿ ನಮಗೆ ಸಿಕ್ಕಿರೋದ್ರಲ್ಲೇ ಅತಿ ಹಳೇದು. ಇದನ್ನ ಯಾಕೆ ಹೇಳ್ದೆ ಅಂದ್ರೆ, ನೀವು ರಾತ್ರಿ ಮಂಚದ ಪಕ್ಕ ಕೂತು ತಡವರಿಸ್ಕೊಂಡು ಹೇಳೋ ಮಾತನ್ನ ಇಷ್ಟು ತಲೆಮಾರು ದೇವಜನರು ಹೇಳ್ಕೊಂಡು ಬಂದಿದ್ದಾರೆ. ಹೊಸ ಮಾತು ಹೊಳೀಲಿಲ್ಲ ಅಂತ ಬೇಜಾರು ಮಾಡ್ಕೋಬೇಡಿ, ಇದೊಂದನ್ನೇ ವರ್ಷಗಟ್ಟಲೆ ಹೇಳಿದ್ರೂ ಸಾಕು. ಮಕ್ಕಳಿಗೆ ಒಂದೇ ಮಾತು ದಿನಾ ಕೇಳೋದು ಬೋರ್ ಅಲ್ಲ, ಒಂದು ದಿನ ಬಿಟ್ರೆ ಅವರೇ ನೆನಪಿಸ್ತಾರೆ.

ಎರಡು ಮಾತು ಇಲ್ಲಿ. ಒಂದು, ಹೆಸರು ಸೇರಿಸಿ. "ನಿನ್ನನ್ನ" ಅನ್ನೋ ಮುಂಚೆ ಮಗುವಿನ ಹೆಸರು ಹಿಡಿದು ಕರೀರಿ, ಯೆಶಾಯ 43:1ರಲ್ಲಿ ದೇವರು ಹೆಸರು ಹಿಡಿದು ಕರೆದ ಹಾಗೆ. ಮನೆಲಿ ಪೂರ್ತಿ ಹೆಸರು ಬರೋದು ಹೆಚ್ಚಾಗಿ ಬೈಯೋವಾಗ್ಲೇ, ಒಳ್ಳೇದಕ್ಕೂ ಅದೇ ಹೆಸರು ಕೇಳಲಿ. ಇನ್ನೊಂದು, ನೀವು ಮನೆಲಿ ಆಡೋ ಭಾಷೆಲೇ ಹೇಳಿ. ಕುಟುಂಬ ಪ್ರಾರ್ಥನೆ ಶುರುವಾದ ತಕ್ಷಣ ಕೆಲವರ ದನಿನೇ ಬದಲಾಗುತ್ತೆ, ಪುಸ್ತಕದ ಭಾಷೆ ಬರುತ್ತೆ, ಮಗುವಿಗೆ ಇದು ಅಪ್ಪ ಅಲ್ಲ ಬೇರೆ ಯಾರೋ ಮಾತಾಡ್ತಿದ್ದಾರೆ ಅನ್ಸುತ್ತೆ. ಅಪ್ಪನ ದನಿಲೇ ಬರ್ಲಿ. ವಚನನ ಇದ್ದ ಹಾಗೇ ಹೇಳ್ಬೇಕು ಅನ್ಸಿದ್ರೆ ಅದೂ ಒಳ್ಳೇದೇ, ಆದ್ರೆ ಕೊನೇಲಿ ಒಂದು ಸಾಲಾದ್ರೂ ನಿಮ್ಮದಿರ್ಲಿ.

ಹೆಜ್ಜೆ 4: ಕೈಗೂ ಕೆಲಸ ಇದೆ

ಸತ್ಯವೇದದಲ್ಲಿ ಮಕ್ಕಳನ್ನ ಆಶೀರ್ವದಿಸಿದ ಕಡೆಗಳನ್ನ ಒಟ್ಟಿಗೆ ಇಟ್ಟು ಓದಿ. ಇಸಾಕ ಮೊದಲು ಹತ್ರ ಬಂದು ಮುದ್ದಿಡು ಮಗನೇ ಅಂದ (ಆದಿಕಾಂಡ 27:26). ಯಾಕೋಬ ಕಣ್ಣು ಮಂಜಾಗಿದ್ರೂ ಮೊಮ್ಮಕ್ಕಳನ್ನ ಹತ್ರ ಕರೆಸಿ ಮುತ್ತಿಟ್ಟು ಅಪ್ಕೊಂಡು ಆಮೇಲೆ ತಲೆ ಮೇಲೆ ಕೈಯಿಟ್ಟ (48:10-14). ಯೇಸುಸ್ವಾಮಿ ಶಿಷ್ಯರು ಓಡಿಸೋಕೆ ನೋಡಿದ ಮಕ್ಕಳನ್ನ ಅಪ್ಕೊಂಡು, ಅವರ ಮೇಲೆ ಕೈಯಿಟ್ಟು ಆಶೀರ್ವದಿಸಿದ್ರು (ಮಾರ್ಕ 10:16). ದೂರದಿಂದ ಕೂಗಿ ಹೇಳಿದ್ದು ಒಂದೂ ಇಲ್ಲ.

ಆದ್ರಿಂದ ಟಿವಿ ನೋಡ್ತಾ ಗಾಡ್ ಬ್ಲೆಸ್ ಯೂ ಅಂತ ಎಸೆದ್ರೆ ಸಾಲದು, ಹತ್ರ ಹೋಗಿ. ತಲೆ ಮೇಲೆ ಕೈ, ಹೆಗಲ ಮೇಲೆ ಕೈ, ಕೆನ್ನೆ ಹಿಡಿದು, ಹೇಗಾದ್ರೂ ಸರಿ. ಕ್ಯಾಥೊಲಿಕ್ ಮನೆಗಳಲ್ಲಿ ಹಣೆ ಮೇಲೆ ಹೆಬ್ಬೆರಳಿಂದ ಶಿಲುಬೆ ಗುರುತು ಹಾಕೋ ರೂಢಿ ಇದೆ, ಮಾತೇ ಹೊರಡದ ದಿನ ಅದು ತುಂಬಾ ಸಹಾಯ. ಮೈ ಮುಟ್ಟಿಸ್ಕೊಳ್ಳೋಕೆ ಇಷ್ಟಪಡದ ಮಕ್ಕಳೂ ಇರ್ತಾರೆ, ಅವರಿಗೆ ಬಲವಂತ ಬೇಡ, ಎದುರು ಕೂತು ಕಣ್ಣು ನೋಡಿ ಹೇಳಿದ್ರೆ ಸಾಕು.

ಹೆಜ್ಜೆ 5: ಒಬ್ಬೊಬ್ಬರಿಗೂ ಅವರದ್ದೇ ಮಾತು

ಮೊದಲ ನಾಲ್ಕು ಹೆಜ್ಜೆ ರೂಢಿ ಆದ್ಮೇಲೆ ಇದಕ್ಕೆ ಬನ್ನಿ, ಅವಸರ ಇಲ್ಲ. ಯಾಕೋಬ ಸಾಯೋ ಮುಂಚೆ ಹನ್ನೆರಡು ಮಕ್ಕಳನ್ನ ಕರೆದು ಮಾತಾಡಿದಾಗ ಒಬ್ಬೊಬ್ಬನಿಗೂ ಅವನವನಿಗೆ ತಕ್ಕ ಆಶೀರ್ವಾದ ಕೊಟ್ಟ ಅಂತ ಆದಿಕಾಂಡ 49:28ರಲ್ಲಿದೆ. ಹಾಗೆ ಹೇಳ್ಬೇಕಂದ್ರೆ ಮಗುನ ಗಮನಿಸಿರ್ಬೇಕು. ನಿಮ್ಮ ಮಗಳು ಈಗ ಯಾವುದಕ್ಕೆ ಹೆದರ್ತಿದ್ದಾಳೆ, ಮಗ ಯಾರ ಜೊತೆ ಮಾತು ಬಿಟ್ಟಿದ್ದಾನೆ, ಯಾವುದು ಮಾಡುವಾಗ ಊಟ ನಿದ್ದೆ ಮರೀತಾರೆ, ಯಾರು ಬಿದ್ರೆ ಮೊದಲು ಓಡ್ತಾರೆ, ಇದೆಲ್ಲಾ ತಲೇಲಿದ್ರೆ ಮಾತು ತಾನಾಗೇ ಬರುತ್ತೆ.

ಕ್ಲಾಸಲ್ಲಿ ಒಂಟಿಯಾಗಿ ಕೂತಿರೋರ ಹತ್ರ ಹೋಗಿ ಜೊತೆಗೆ ಕೂರೋ ಮನಸ್ಸು ನಿಮ್ಮ ಮಗಳಿಗಿದ್ರೆ "ಯಾರನ್ನೂ ಒಂಟಿ ಬಿಡದ ಮನಸ್ಸು ದೇವರು ನಿಂಗೆ ಕೊಟ್ಟಿದ್ದಾರೆ, ಆ ಮನಸ್ಸನ್ನ ಅವರೇ ಕಾಪಾಡ್ಲಿ, ನಿನಗೂ ಒಬ್ಬ ಒಳ್ಳೆ ಸ್ನೇಹಿತೆನ ಕೊಡ್ಲಿ" ಅನ್ನಿ. ಎಲ್ಲಾ ವಸ್ತು ಬಿಚ್ಚಿ ಹರಡಿಕೊಂಡು ಕೂರೋ ಹುಡುಗನಿಗೆ "ನಿನ್ನ ಈ ಕೈಗಳನ್ನ ದೇವರು ಆಶೀರ್ವದಿಸ್ಲಿ, ಮುರಿದಿದ್ದನ್ನ ಸರಿ ಮಾಡೋ ಕೈ ಆಗ್ಲಿ" ಅನ್ನಿ. ಹೆದರೋ ಮಗುವಿಗೆ ಗಿದ್ಯೋನನ ಕಥೆ ಹೇಳಿ. ಅವನು ಮಿದ್ಯಾನ್ಯರಿಗೆ ಹೆದರಿ ದ್ರಾಕ್ಷೆ ತುಳಿಯೋ ಗುಂಡಿಲಿ ಅಡಗಿ ಗೋದಿ ಬಡೀತಿದ್ದ, ಆ ಸ್ಥಿತಿಲೇ ದೇವದೂತ ಬಂದು ಪರಾಕ್ರಮಶಾಲಿಯೇ, ಕರ್ತನು ನಿನ್ನ ಸಂಗಡ ಇದ್ದಾನೆ ಅಂದ (ನ್ಯಾಯಸ್ಥಾಪಕರು 6:11-12). ಧೈರ್ಯ ಬಂದ್ಮೇಲೆ ಹೇಳಿದ್ದಲ್ಲ, ಅಡಗಿ ಕೂತಾಗ್ಲೇ ಹೇಳಿದ್ದು. ಕತ್ತಲಿಗೆ ಹೆದರೋ ಮಗುವಿಗೆ ಹೇಡಿ ಅನ್ನೋ ಬದಲು "ಕರ್ತನು ನಿನ್ನ ಜೊತೆ ಇದ್ದಾನೆ ಶೂರ" ಅನ್ನೋದು ಹೀಗೆ.

ಇಬ್ರು ಮೂರು ಮಕ್ಕಳಿರೋ ಮನೆಲಿ ಒಂದು ಎಚ್ಚರ ಇರ್ಲಿ. ಇಸಾಕನ ದೊಡ್ಡ ಮಗ ಏಸಾವ, ತನಗೆ ಸಿಗ್ಬೇಕಾದ ಆಶೀರ್ವಾದ ತಮ್ಮ ಯಾಕೋಬನಿಗೆ ಹೋದ್ಮೇಲೆ, ಅಪ್ಪನ ಮುಂದೆ ಗಟ್ಟಿಯಾಗಿ ಅತ್ತು ಕೇಳಿದ ಪ್ರಶ್ನೆ ಇದೆಯಲ್ಲ, ಅಪ್ಪಾ ನಿನ್ನ ಹತ್ರ ಇರೋದು ಒಂದೇ ಆಶೀರ್ವಾದನಾ, ನನ್ನನ್ನೂ ಆಶೀರ್ವದಿಸಪ್ಪಾ ಅಂತ (ಆದಿಕಾಂಡ 27:38), ಅದನ್ನ ಓದಿದಾಗೆಲ್ಲಾ ನನಗೆ ಎದೆ ಹಿಂಡುತ್ತೆ. ದೊಡ್ಡ ಗಂಡಾಳು, ಬೇಟೆಗಾರ, ಅಪ್ಪನ ಒಂದು ಮಾತಿಗೆ ಮಗುವಿನ ಥರ ಅಳ್ತಾನೆ. ನಿಮ್ಮ ಮನೆಲಿ ಸುಲಭದ ಮಗು ಒಂದಿರುತ್ತೆ, ಹೇಳಿದ ಮಾತು ಕೇಳೋದು, ನಗ್ತಾ ಇರೋದು, ಅದಕ್ಕೆ ಆಶೀರ್ವಾದ ತಾನಾಗೇ ಬಾಯಿಗೆ ಬರುತ್ತೆ. ಇನ್ನೊಂದು ಮುಖ ಗಂಟಿಕ್ಕೊಂಡಿರೋ ಮಗು. ಎರಡನೇ ಮಗುವಿಂದ ಶುರು ಮಾಡಿ. "ಅಕ್ಕನ ಥರ ಆಗ್ಲಿ ನೀನು" ಅನ್ನೋದು ಹಾರೈಕೆ ಥರ ಕೇಳಿಸಿದ್ರೂ ಮಗುವಿಗೆ ಹೋಲಿಕೆನೇ ತಲುಪೋದು, ಅದನ್ನ ಪೂರ್ತಿ ಬಿಡಿ.

ಹೆಜ್ಜೆ 6: ಕೆಟ್ಟ ದಿನ ತಪ್ಪಿಸ್ಬೇಡಿ

ನನಗೆ ಎಲ್ಲಕ್ಕಿಂತ ಮುಖ್ಯ ಅನ್ಸೋದು ಇದು. ಎಲ್ಲಾ ಚೆನ್ನಾಗಿದ್ದ ದಿನ ಆಶೀರ್ವದಿಸೋದು ಯಾರಿಗೂ ಕಷ್ಟ ಅಲ್ಲ. ಮಗ ಮಾರ್ಕ್ಸ್ ಕಾರ್ಡ್ ಬಚ್ಚಿಟ್ಟಿದ್ದು ಸಿಕ್ಕಿಬಿದ್ದಿರ್ತಾನೆ, ಗಣಿತದಲ್ಲಿ ಫೇಲು, ಅದ್ರ ಮೇಲೆ ಸಹಿ ಬೇರೆ ತಾನೇ ಹಾಕಿರ್ತಾನೆ, ಸಂಜೆ ಪೂರ್ತಿ ಮನೆಲಿ ಕೂಗಾಟ, ಶಿಕ್ಷೆನೂ ಆಗಿರುತ್ತೆ, ಈಗ ರಾತ್ರಿ ಗೋಡೆ ಕಡೆ ತಿರುಗಿ ಮಲಗಿರ್ತಾನೆ. ಇವತ್ತೂ ಆಶೀರ್ವಾದ ಮಾಡ್ಬೇಕಾ? ಇವತ್ತೇ ಮಾಡ್ಬೇಕು. ಇವತ್ತು ಮಾಡ್ಲಿಲ್ಲ ಅಂದ್ರೆ ಇಷ್ಟು ದಿನ ಹೇಳಿದ್ದೆಲ್ಲಾ ಒಳ್ಳೆ ಹುಡುಗನಾಗಿದ್ದಕ್ಕೆ ಸಿಕ್ಕ ಬಹುಮಾನ ಅಂತ ಅವನಿಗೆ ಅನಿಸಿಬಿಡುತ್ತೆ.

ಹೇಗೆ ಮಾಡೋದು? ಶಿಕ್ಷೆ ವಾಪಸ್ ತಗೋಬೇಕಿಲ್ಲ, ನಾಳೆ ಸ್ಕೂಲಿಗೆ ಹೋಗಿ ಟೀಚರ್ ಹತ್ರ ಮಾತಾಡ್ಬೇಕು ಅಂತ ಹೇಳಿದ್ರೆ ಅದು ಹಾಗೇ ಇರ್ಲಿ. ಅವನ ಪಕ್ಕ ಕೂತ್ಕೊಳ್ಳಿ, ತಿರುಗು ಅಂತ ಹೇಳ್ಬೇಡಿ, ಬೆನ್ನ ಮೇಲೆ ಕೈಯಿಡಿ. ಯಾವತ್ತಿನ ಮಾತನ್ನೇ ಯಾವತ್ತಿನ ಥರನೇ ಹೇಳಿ, ಕರ್ತನು ನಿನ್ನನ್ನ ಆಶೀರ್ವದಿಸಿ ಕಾಪಾಡ್ಲಿ. ಬೇಕಾದ್ರೆ ಒಂದೇ ಸಾಲು ಸೇರಿಸಿ, "ಇವತ್ತು ನಡೆದಿದ್ದು ನಂಗೆ ಬೇಜಾರಾಗಿದೆ, ಆದ್ರೆ ನೀನು ನನ್ನ ಮಗ, ಅದು ಬದಲಾಗಲ್ಲ". ಅಷ್ಟೇ, ಎದ್ದು ಬನ್ನಿ. ಅವನು ಆಮೆನ್ ಅನ್ಲಿ ಅಂತ ಕಾಯ್ಬೇಡಿ, ಅಳ್ಲಿ ಅಂತನೂ ಕಾಯ್ಬೇಡಿ. ಲೂಕ 15ರಲ್ಲಿ ಕಿರಿಮಗ ಹಂದಿ ಕಾಯೋ ಜಾಗದಿಂದ ಮನೆಗೆ ಬರ್ತಾ ಹೇಳ್ಬೇಕಾದ ಮಾತನ್ನೆಲ್ಲಾ ರೆಡಿ ಮಾಡ್ಕೊಂಡು ಬಂದಿದ್ದ, ಅವನು ಬಾಯಿ ಬಿಡೋ ಮುಂಚೆನೇ ಅಪ್ಪ ಓಡಿ ಹೋಗಿ ಅಪ್ಕೊಂಡಾಗಿತ್ತು.

ಕೋಪ ಇನ್ನೂ ಇಳಿದಿಲ್ಲ, ಮನಸ್ಸಲ್ಲಿ ಇಲ್ದೇ ಇರೋದನ್ನ ಹೇಗೆ ಹೇಳ್ಲಿ ಅಂದ್ರೆ, ಅದಕ್ಕೇ ವಚನ ಇರೋದು. ಆಶೀರ್ವಾದದ ಮೂಲ ನಮ್ಮ ಮೂಡ್ ಅಲ್ಲ. ಪ್ರಲಾಪಗಳು 3:22-23ರಲ್ಲಿ ದಿನದಿನವೂ ಹೊಸದಾಗಿ ಬರುತ್ತೆ ಅಂತ ಹೇಳಿರೋದು ಕರ್ತನ ಕರುಣೆ, ನಮ್ಮದಲ್ಲ. ಬಾಯಿ ಮೊದಲು ಹೇಳ್ಲಿ, ಮನಸ್ಸು ಹಿಂದೆ ಬರುತ್ತೆ. ಆದ್ರೆ ಗದರೋವಾಗ ನೀವು ಮಿತಿ ಮೀರಿ ಮಾತಾಡಿದ್ರೆ ಮೊದಲು ಅದಕ್ಕೆ ಕ್ಷಮೆ ಕೇಳಿ, ನೇರವಾಗಿ, ಆದ್ರೆ-ಗೀದ್ರೆ ಸೇರಿಸದೆ. ಕ್ಷಮೆ ಕೇಳದೆ ಅದರ ಮೇಲೆ ಆಶೀರ್ವಾದ ಹೊದಿಸೋದು ಬೇಡ.

ಏನು ಮಾಡಬಾರದು

ಆಶೀರ್ವಾದದ ಒಳಗೆ ಬುದ್ಧಿವಾದ ತುಂಬೋದು. "ಕರ್ತನು ನಿನಗೆ ಜ್ಞಾನ ಕೊಡ್ಲಿ, ಮೊಬೈಲ್ ಬಿಡೋ ಮನಸ್ಸು ಕೊಡ್ಲಿ, ದೊಡ್ಡೋರಿಗೆ ಎದುರುತ್ತರ ಕೊಡದ ಹಾಗೆ ಮಾಡ್ಲಿ." ಇದು ಆಶೀರ್ವಾದ ಅಲ್ಲ, ದೇವರ ಹೆಸರಲ್ಲಿ ಕ್ಲಾಸ್ ತಗೊಳ್ಳೋದು, ಮಕ್ಕಳಿಗೆ ತಕ್ಷಣ ಗೊತ್ತಾಗುತ್ತೆ. ಮೊಬೈಲ್ ವಿಷಯ ಬೇರೆ ಟೈಮಲ್ಲಿ ನೇರವಾಗೇ ಮಾತಾಡಿ.

ದೇವರು ಕೊಡದ ವಾಗ್ದಾನ ಕೊಡೋದು ಇನ್ನೂ ಅಪಾಯ. ನೀನು ಡಾಕ್ಟರ್ ಆಗೇ ಆಗ್ತೀಯ ಯೇಸುವಿನ ನಾಮದಲ್ಲಿ ಅಂತ ಘೋಷಿಸಿಬಿಟ್ರೆ, ಸೀಟ್ ಸಿಗದೇ ಹೋದಾಗ ಮಗುವಿಗೆ ಅಪ್ಪನ ಮೇಲೂ ನಂಬಿಕೆ ಹೋಗುತ್ತೆ ದೇವರ ಮೇಲೂ ಹೋಗುತ್ತೆ. ಯೆರೆಮೀಯ 29:11ನ ಎಕ್ಸಾಮ್ ಟೈಮಲ್ಲಿ ಎಲ್ಲರೂ ಹೇಳ್ತಾರೆ, ನಿಮಗೆ ನಿರೀಕ್ಷೆನೂ ಒಳ್ಳೆ ಭವಿಷ್ಯನೂ ಕೊಡೋ ಯೋಚನೆ ನನ್ನದು ಅಂತ. ಆದ್ರೆ ಅದು ಬಾಬೆಲಿಗೆ ಸೆರೆ ಹೋದವರಿಗೆ ಬರೆದ ಪತ್ರ, ಅದರ ಹಿಂದಿನ ವಚನದಲ್ಲೇ ಎಪ್ಪತ್ತು ವರ್ಷ ಆಗ್ಬೇಕು ಅಂತಿದೆ. ಹಾಗಾಗಿ ಆ ವಚನ ಬಿಡ್ಬೇಡಿ, ಸರಿಯಾಗಿ ಬಳಸಿ: "ರಿಸಲ್ಟ್ ಏನೇ ಬರ್ಲಿ, ದೇವರು ನಿನ್ನನ್ನ ಮರೆಯಲ್ಲ, ನಿನ್ನ ಬಗ್ಗೆ ಅವರ ಯೋಚನೆ ಒಳ್ಳೇದೇ". ನಾವು ಬೇಡ್ಕೋತೀವಿ, ಒಪ್ಪಿಸ್ತೀವಿ, ಕೊಡೋದು ದೇವರು. ನಮ್ಮ ಮಾತು ಮಂತ್ರ ಅಲ್ಲ. ಒಂದು ದಿನ ಮರೆತುಹೋದ್ರೆ ಮಗುವಿಗೆ ಏನಾದ್ರೂ ಆಗ್ಬಿಡುತ್ತೆ ಅಂತ ಹೆದರೋದೂ ಅದೇ ತಪ್ಪಿನ ಇನ್ನೊಂದು ಮುಖ.

ನೆಂಟರ ಮುಂದೆ ಮಾಡಿ ತೋರ್ಸೋದೂ ಬೇಡ.

ಹದಿಹರೆಯದವರಿಗೆ

ಇಲ್ಲಿ ಗಾತ್ರ ಚಿಕ್ಕದಾಗ್ಬೇಕು. ಹದಿನೈದರ ಹುಡುಗಿ ಕಿವಿಗೆ ಇಯರ್‌ಫೋನ್ ಸಿಕ್ಕಿಸ್ಕೊಂಡು ಬಾಗಿಲು ದಾಟ್ತಿರೋವಾಗ ಮೂರು ವಚನ ಪೂರ್ತಿ ಹೇಳೋಕೆ ಹೋದ್ರೆ ಅಮ್ಮಾ ಪ್ಲೀಸ್ ಅಂತಾಳೆ. ಹೆಗಲು ಮುಟ್ಟಿ "ಕರ್ತನು ನಿನ್ನ ಜೊತೆ ಇರ್ಲಿ" ಅಂದ್ರೆ ಆಯ್ತು. ಹೊಲದ ಯಜಮಾನ ಬೋವಜ ಹೊಲಕ್ಕೆ ಬಂದಾಗ ಕೊಯ್ಯೋ ಆಳುಗಳಿಗೆ ಹೇಳಿದ್ದೂ ಇಷ್ಟೇ (ರೂತಳು 2:4), ಕೆಲಸದ ಮಧ್ಯೆ ಒಂದು ಸಾಲು. ಅವಳ ಫ್ರೆಂಡ್ಸ್ ಎದುರಿಗೆ ಬೇಡ ಅಂದ್ರೆ ಮನೆ ಒಳಗೇ ಹೇಳಿ ಕಳಿಸಿ, ಅದೇನು ದೇವರನ್ನ ನಾಚಿಕೆ ಪಡೋದಲ್ಲ, ಆ ವಯಸ್ಸು ಹಾಗೆ. ಎದುರಿಗೆ ಕೇಳೋಕೆ ಒಪ್ಪದ ಮಕ್ಕಳಿಗೆ ಚೀಟಿ ಬರೆದು ಪುಸ್ತಕದಲ್ಲಿಡಿ, ಮೆಸೇಜ್ ಹಾಕಿ. ರಿಪ್ಲೈ ಬರಲ್ಲ, ಆದ್ರೆ ಡಿಲೀಟೂ ಮಾಡಲ್ಲ.

ಕಣ್ಣು ಹೊರಳಿಸಿದ್ರೂ ನಿಲ್ಲಿಸ್ಬೇಡಿ. ಮಕ್ಕಳು ಮನಗುಂದಬಾರದು ಅಂತ ಕೊಲೊಸ್ಸೆ 3:21ರಲ್ಲಿ ಅಪ್ಪಂದಿರಿಗೆ ಹೇಳಿರೋ ಮಾತು ಈ ವಯಸ್ಸಿಗೆ ತುಂಬಾ ಹತ್ತಿರದ್ದು, ಇವರು ಹೊರಗೆ ಗಡಸಾಗಿದ್ರೂ ಒಳಗೊಳಗೇ ತಾನು ಯಾವುದಕ್ಕೂ ಸಾಲದು ಅಂತ ಅಂದ್ಕೊಂಡಿರೋರೇ ಜಾಸ್ತಿ.

ಒಬ್ಬರೇ ಇದ್ರೆ, ಅಥವಾ ಒಬ್ಬರಿಗೆ ಮಾತ್ರ ನಂಬಿಕೆ ಇದ್ರೆ

ಅಪ್ಪ ಇಲ್ದಿರೋ ಮನೆ, ಅಪ್ಪ ಇದ್ರೂ ಸಭೆ ಕಡೆ ಬರದ ಮನೆ, ಇಂಥಾ ಕಡೆ ಅಮ್ಮಂದಿರು ಇದು ನಮ್ಮಿಂದಾಗಲ್ಲ ಅಂತ ಹಿಂದೆ ಸರೀತಾರೆ. ತಿಮೊಥೆಯ ಮನೆ ನೋಡಿ. ಅವನಪ್ಪ ಗ್ರೀಕನು (ಅಪೊಸ್ತಲರ ಕೃತ್ಯಗಳು 16:1), ಪೌಲ ಅವನ ನಂಬಿಕೆ ಬಗ್ಗೆ ಬರೆಯೋವಾಗ ನೆನಪಿಸ್ಕೊಳ್ಳೋದು ಅಜ್ಜಿ ಲೋವಿ ಮತ್ತು ತಾಯಿ ಯೂನಿಕೆಯನ್ನ ಮಾತ್ರ (2 ತಿಮೊಥೆ 1:5). ಅಜ್ಜಿ ತಾತ ಮನೆಲಿದ್ರೆ ಅವರನ್ನೂ ಸೇರಿಸ್ಕೊಳ್ಳಿ, ಅವರಿಗೆ ಇದು ನಮಗಿಂತ ಚೆನ್ನಾಗಿ ಬರುತ್ತೆ. ನಂಬಿಕೆ ಇಲ್ಲದ ಸಂಗಾತಿ ಮುಂದೆ ಇದನ್ನ ಜಗಳಕ್ಕೆ ತರ್ಬೇಡಿ, ಮಗುವಿನ ತಲೆ ಮೇಲೆ ಕೈಯಿಟ್ಟು ಒಳ್ಳೇದಾಗ್ಲಿ ಅನ್ನೋದನ್ನ ಬೇಡ ಅನ್ನೋ ಅಪ್ಪ ಅಮ್ಮ ಕಡಿಮೆ.

ನಮಗ್ಯಾರೂ ಹೀಗೆ ಹೇಳೇ ಇಲ್ಲ, ನಮ್ಮಪ್ಪ ಒಂದಿನಾನೂ ತಲೆ ಮೇಲೆ ಕೈಯಿಡ್ಲಿಲ್ಲ ಅನ್ನೋರಿದ್ದಾರೆ, ತುಂಬಾ ಜನ ಇದ್ದಾರೆ. ಅವರಿಗೆ ಮೊದಲ ಸಲ ಗಂಟಲು ಕಟ್ಟುತ್ತೆ. ಒಂದು ಉಪಾಯ, ಮಗು ನಿದ್ದೆ ಹೋದ್ಮೇಲೆ ಪಕ್ಕ ಕೂತು ಮೆಲ್ಲಗೆ ಹೇಳಿ ಅಭ್ಯಾಸ ಮಾಡ್ಕೊಳ್ಳಿ. ಕೆಲವು ದಿನ ಹಾಗೇ ನಡೀಲಿ. ಆಮೇಲೆ ನಿದ್ದೆ ಬರೋ ಮುಂಚೆ ಹೇಳೋಕಾಗುತ್ತೆ. ಆ ಅರಣ್ಯಕಾಂಡದ ಮಾತನ್ನ ನಿಮಗೋಸ್ಕರ ಒಂದ್ಸಲ ಪಾಸ್ಟರ್ ಹತ್ರನೋ ಸಭೆಯ ಹಿರಿಯರ ಹತ್ರನೋ ಹೇಳಿಸ್ಕೊಳ್ಳಿ, ದೊಡ್ಡವರಾದ್ಮೇಲೆ ಕೇಳಿದ್ರೂ ಅದು ಆಶೀರ್ವಾದನೇ.

ದೊಡ್ಡವರಾಗಿ ದೂರ ಹೋದ ಮಕ್ಕಳಿಗೆ

ಯೋಬನ ಮಕ್ಕಳು ಬೇರೆ ಬೇರೆ ಮನೆ ಮಾಡ್ಕೊಂಡಿದ್ರು, ಆದ್ರೂ ಅವನು ಬೆಳಿಗ್ಗೆ ಎದ್ದು ಒಬ್ಬೊಬ್ಬರ ಹೆಸರಲ್ಲೂ ಯಜ್ಞ ಅರ್ಪಿಸ್ತಿದ್ದ (ಯೋಬ 1:5). ನಿಮಗೆ ಫೋನಿದೆ. ಕೆಲಸ ಹೇಗಿದೆ, ಆರೋಗ್ಯ ಹೇಗಿದೆ, ದುಡ್ಡು ಕಳಿಸ್ದ್ಯಾ ಎಲ್ಲಾ ಆದ್ಮೇಲೆ ಇಡ್ತೀನಿ ಅನ್ನೋ ಮುಂಚೆ ಒಂದು ನಿಮಿಷ ಇರಪ್ಪಾ ಅಂತ ಹೇಳಿ, ಹೆಸರು ಹಿಡಿದು ಮೂರು ವಚನ ಹೇಳಿ. ಹಾಸ್ಟೆಲಲ್ಲಿರೋ ಮಗಳಿಗೆ ವಾಯ್ಸ್ ಮೆಸೇಜ್ ಕಳಿಸಿದ್ರೆ ಇನ್ನೂ ಒಳ್ಳೇದು, ಬೇಕಾದಾಗ ಮತ್ತೆ ಕೇಳ್ಕೋತಾಳೆ.

ಸಭೆ ಬಿಟ್ಟು ಹೋಗಿರೋ ಮಗ ಇದ್ರೆ, ನಂಬಿಕೆ ವಿಷಯ ಎತ್ತಿದ್ರೇ ಫೋನ್ ಇಡ್ತಾನೆ ಅನ್ನೋ ಹಾಗಿದ್ರೆ, ವಾದಕ್ಕೆ ಹೋಗ್ಬೇಡಿ, ಸಂಡೇ ಹೋದ್ಯಾ ಅಂತನೂ ಕೇಳ್ಬೇಡಿ. "ನಾನು ನಂಬೋ ದೇವರು ನಿನ್ನ ಕಾಪಾಡ್ಲಿ ಅಂತ ಹೇಳಿದ್ರೆ ಬೇಜಾರಿಲ್ವಾ" ಅಂತ ಒಂದ್ಸಲ ಕೇಳಿ. ಬಹುಶಃ ಹೇಳಮ್ಮಾ ಅಂತಾನೆ. ಬೇಡ ಅಂದ್ರೆ ಸರಿ ಕಂದಾ ಅಂತ ಹೇಳಿ ಫೋನ್ ಇಡಿ, ಇಟ್ಟ ಮೇಲೆ ಅವನ ಹೆಸರು ಹಿಡಿದು ಅದೇ ಮೂರು ವಚನ ಬಾಯಿಬಿಟ್ಟು ಹೇಳಿ, ಮುಂದಿನ ವಾರ ಮತ್ತೆ ಫೋನ್ ಮಾಡಿ.